ವೆನಿಲ್ಲಾ: ಸೀಸೆಯದೂ ಕಾಯಿಯದೂ

ನಮ್ಮ ದುರ್ಗದ ಬೇಕರಿಯಲ್ಲಿ ಕೊಂಡ ಕೇಕಿನಿಂದ ವೆನಿಲ್ಲಾ ಪರಿಮಳ ಬಂದೀತು; ಆದರೆ ಅದರಲ್ಲಿ ವೆನಿಲ್ಲಾ ಕಾಯಿ ಬಿದ್ದಿರುವುದು ಅಪರೂಪ. ಸೀಸೆಯಲ್ಲಿ ಸಿಗುವ ಅಗ್ಗದ ಎಸೆನ್ಸು ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ತಯಾರಾದ ವೆನಿಲಿನ್. ನಿಜವಾದ ಕಾಯಿಯಲ್ಲಿ ವೆನಿಲಿನ್ನಿನ ಜೊತೆಗೆ ಬೇರೆ ಎಷ್ಟೋ ಸುವಾಸನೆಗಳುಂಟು.

ಇದು ಮೆಕ್ಸಿಕೋ ಕಡೆಯ ಆರ್ಕಿಡ್ ಜಾತಿಯ ಬಳ್ಳಿ. ನೆರಳು, ತೇವ ಬೇಡುವುದರಿಂದ ನಮ್ಮ ಬಯಲುಸೀಮೆಗಿಂತ ಮಲೆನಾಡಿನ ಅಡಿಕೆ ತೋಟಕ್ಕೆ ಒಗ್ಗಿತು. ಹೂವು ಒಂದು ಬೆಳಿಗ್ಗೆ ಅರಳಿ ಅಂದೇ ಬಾಡುತ್ತದೆ. ಅಷ್ಟರಲ್ಲಿ ಕೈಯಿಂದ ಪರಾಗ ಸೇರಿಸಬೇಕು. ಈ ಸುಲಭೋಪಾಯವನ್ನು 1841ರಲ್ಲಿ ಕಂಡುಕೊಂಡವನು ರಿಯೂನಿಯನ್ ದ್ವೀಪದ ಹನ್ನೆರಡು ವರ್ಷದ ಗುಲಾಮ ಬಾಲಕ ಎಡ್ಮಂಡ್. ಹಸಿ ಕಾಯಿಗೆ ಆ ಪರಿಮಳವಿಲ್ಲ! ಬಿಸಿನೀರಿನಲ್ಲಿ ಅದ್ದಿ, ಕಂಬಳಿ ಸುತ್ತಿ ಬೆವರಿಸಿ, ಒಣಗಿಸಿ, ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿಟ್ಟರೆ ಅದು ಏಳುತ್ತದೆ.

2003ರ ಸುಮಾರಿಗೆ ಹಸಿ ಕಾಯಿಯ ಬೆಲೆ ಕಿಲೋಗೆ ಸಾವಿರಾರು ರೂಪಾಯಿಗೇರಿ, ಬೆಳೆಗಾರರು ರಾತ್ರಿಯೆಲ್ಲ ತೋಟ ಕಾದರು. ಎರಡು ಮೂರು ವರ್ಷದಲ್ಲೇ ಬೆಲೆ ಕುಸಿಯಿತು. ಅನೇಕರು ಬಳ್ಳಿಯನ್ನೇ ಕೈಬಿಟ್ಟರು. ನಂಬಿದ್ದು ಪರದೇಶದ ಗಿರಾಕಿಯನ್ನು. ನಮ್ಮ ಅಡಿಗೆಮನೆಗಳಲ್ಲಿ ಕಾಯಿಗೆ ಬಳಕೆಯೇ ಇರಲಿಲ್ಲ.

ಕಾಯಿ ದುಬಾರಿ, ನಿಜ. ಆದರೆ ಒಂದೇ ಕಾಯಿ ಎರಡು ಸಲ ದುಡಿಯುತ್ತದೆ. ಉದ್ದಕ್ಕೆ ಸೀಳಿ, ಬೀಜ ಕೆರೆದು, ಸಿಪ್ಪೆ ಸಮೇತ ಅರ್ಧ ಲೀಟರು ಹಾಲಿಗೆ ಹಾಕಿ, ಸಣ್ಣ ಉರಿಯಲ್ಲಿ ಕಾಯಿಸಿ ಅರ್ಧ ಗಂಟೆ ಮುಚ್ಚಿಡಿ. ಕಸ್ಟರ್ಡಿಗೂ ಶ್ಯಾವಿಗೆ ಪಾಯಸಕ್ಕೂ ಈ ಹಾಲು ಸೊಗಸು. ಅಂದು ಮಾತ್ರ ಏಲಕ್ಕಿ ಬೇಡ. ಅದರ ಘಾಟಿನಲ್ಲಿ ವೆನಿಲ್ಲಾ ಅಡಗಿಹೋಗುತ್ತದೆ. ಸಿಪ್ಪೆಯನ್ನು ತೊಳೆದು, ಚೆನ್ನಾಗಿ ಒಣಗಿಸಿ, ಸಕ್ಕರೆ ಡಬ್ಬಿಯಲ್ಲಿ ಹುದುಗಿಸಿಡಿ. ಒಂದೆರಡು ವಾರ ಕಳೆದರೆ ಸಕ್ಕರೆಯೇ ಘಮಘಮಿಸುತ್ತದೆ. ಮನೆಯ ಕೇಕಿಗೆ, ಬಿಸ್ಕತ್ತಿಗೆ ಅದನ್ನೇ ಹಾಕಬಹುದು.