ಕಿನ್ನಾಳದ ಬೊಂಬೆ, ತುಂಗಭದ್ರೆಯ ತೀರ

ಕಳೆದ ಕಾರ್ತಿಕ ಮಾಸದಲ್ಲಿ ಒಂದು ದಿನ ನಾವು ಏಳು ಜನ ನಸುಕಿನಲ್ಲಿಯೇ ಕಲ್ಮಲದಿಂದ ಹೊರಟೆವು. ಮಾನ್ವಿ, ಸಿಂಧನೂರು, ಗಂಗಾವತಿಗಳನ್ನು ದಾಟಿ ಕೊಪ್ಪಳದ ಸಮೀಪದ ಕಿನ್ನಾಳವನ್ನು ಸೇರಿದೆವು.

ಇಲ್ಲಿಯ ಚಿತ್ರಗಾರರಿಗೆ ಮನೆಯ ಪಡಸಾಲೆಯೇ ಕಾರ್ಯಶಾಲೆ. ಹಗುರವಾದ ಮರವನ್ನು ಕೆತ್ತಿ, ಬಿಡಿಭಾಗಗಳನ್ನು ಜೋಡಿಸಿ, ಸೆಣಬಿನ ಚಿಂದಿ, ಮರದ ಹೊಟ್ಟು, ಹುಣಸೆಬೀಜದ ಅಂಟುಗಳಿಂದಾದ ‘ಕಿಟ್ಟ’ವನ್ನು ಮೆತ್ತುತ್ತಾರೆ. ಅದು ಒಣಗಿದ ಮೇಲೆ ಬಿಳಿಯ ಲೇಪ, ಬಳಿಕ ಬಣ್ಣ. ಹೀಗೆ ಮೂಡುತ್ತವೆ ಗೌರಿ, ಗರುಡ, ಕಾಮಧೇನುಗಳು.

ನಮ್ಮೊಡನೆ ಬಂದವರೊಬ್ಬರು ಗೌರಿಯ ಬೊಂಬೆಯ ಬೆಲೆಯನ್ನು ತಗ್ಗಿಸಲು ಹಠ ಹಿಡಿದರು. ವೃದ್ಧರಾದ ಚಿತ್ರಗಾರರು ವಾದಿಸಲಿಲ್ಲ. ಒಣಗಲಿಟ್ಟ ಬೊಂಬೆಯೊಂದನ್ನು ಕೈಗಿತ್ತು, ಅದಕ್ಕೆ ಹಿಡಿಯುವ ದಿನಗಳನ್ನು ಎಣಿಸಿ ಹೇಳಿದರು. ಮಗ ಪಟ್ಟಣದಲ್ಲಿ ಬೇರೆ ಉದ್ಯೋಗ ಹಿಡಿದಿದ್ದಾನೆಂದೂ ತಿಳಿಸಿದರು. ಕಾಯಕವನ್ನು ಕುರಿತು ಜೀವಮಾನವೆಲ್ಲ ಪ್ರವಚನ ಮಾಡಿದ ನಮಗೂ ಮಾತು ಹೊರಡಲಿಲ್ಲ. ಕೇಳಿದ ಬೆಲೆಯನ್ನೇ ಕೊಟ್ಟು ಬಂದೆವು.

ಮರಳುವಾಗ ಆನೆಗೊಂದಿಯಲ್ಲಿ, ತುಂಗಭದ್ರೆಯ ದಡದ ಬಂಡೆಗಳ ಮೇಲೆ ಕುಳಿತು ರೊಟ್ಟಿಯ ಬುತ್ತಿಯನ್ನು ಬಿಚ್ಚಿದೆವು. ಆಚೆ ಗುಂಡುಕಲ್ಲಿನ ಬೆಟ್ಟಗಳು, ಈಚೆ ಬಾಳೆಯ ತೋಟಗಳು, ನಡುವೆ ಹರಿಗೋಲು. ಬೆಳಿಗ್ಗೆ ಸಿಂಧನೂರಿನ ಬಯಲಿನಲ್ಲಿ ಕಂಡ ಭತ್ತದ ಗದ್ದೆಗಳಿಗೂ ಎಡದಂಡೆ ಕಾಲುವೆಯಲ್ಲಿ ಹರಿಯುವುದು ಈ ನದಿಯ ನೀರೇ. 2024ರ ಆಗಸ್ಟ್ 10ರ ರಾತ್ರಿ ಒಂದು ಸರಪಳಿ ತುಂಡಾಗಿ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ನಮ್ಮ ಸೀಮೆಯೆಲ್ಲ ತಲ್ಲಣಿಸಿತ್ತು. ತಂದೆಯಿಂದ ಮಗನಿಗೆ ಬರುವ ವಿದ್ಯೆಯೂ ಒಂದು ಸರಪಳಿಯೇ. ಅದು ತುಂಡಾದರೆ ಸದ್ದೂ ಆಗುವುದಿಲ್ಲ.

ಸದ್ಭಕ್ತ ಕುಟುಂಬಗಳು ಮಕ್ಕಳೊಡನೆ ಒಮ್ಮೆ ಕಿನ್ನಾಳಕ್ಕೆ ಹೋಗಿಬರಲಿ. ಬೊಂಬೆಯನ್ನು ಕೊಳ್ಳುವ ಮುನ್ನ, ಅದನ್ನು ಮಾಡುವುದನ್ನು ನೋಡಲಿ.