ಕಲ್ಲಡಿಯ ಹಲ್ಲಿಯ ಕಣ್ಣಾಮುಚ್ಚಾಲೆ

ಗೋಡೆ ಹತ್ತಲಾರದ ಹಲ್ಲಿ! ನಂಬಿಕೆ ಬರುವುದಿಲ್ಲ, ಅಲ್ಲವೇ? ಮಾತಿನ ನಡುವೆ ಲೊಚಗುಟ್ಟಿ, ನಮ್ಮಿಂದ ‘ಕೃಷ್ಣ ಕೃಷ್ಣ’ ಅನ್ನಿಸುವ ಮನೆಹಲ್ಲಿಯ ಬೆರಳಡಿಯಲ್ಲಿ ಅಂಟುವ ಮೆತ್ತೆಗಳಿವೆ. ಜೇಪುರದ ನೆಲಹಲ್ಲಿಗೆ ಅವೇ ಇಲ್ಲ. ಅದರ ಸಂಸಾರವೆಲ್ಲ ಕಾಡಿನ ನೆಲದಲ್ಲಿ, ತರಗೆಲೆ-ಕಲ್ಲುಗಳ ಸಂದಿಯಲ್ಲಿ.

ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿ ರಿಚರ್ಡ್ ಹೆನ್ರಿ ಬೆಡ್ಡೋಮ್ ಇದನ್ನು ಲೋಕಕ್ಕೆ ಪರಿಚಯಿಸಿದ್ದು 1877ರ ಸುಮಾರಿಗೆ. ಈಗಿನ ಒಡಿಶಾದ ಜೇಪುರ ಸೀಮೆಯ ಬೆಟ್ಟದಲ್ಲಿ, 4,200 ಅಡಿ ಎತ್ತರದಲ್ಲಿ, ಒಂದು ಕಲ್ಲಿನಡಿ ಸಿಕ್ಕಿದ್ದು ಒಂದೇ ಒಂದು ಹಲ್ಲಿ. ಅದು ಹಡಗೇರಿ ಲಂಡನ್ನಿನ ಮ್ಯೂಸಿಯಂ ಸೇರಿತು. ಆಮೇಲೆ? ಸದ್ದೇ ಇಲ್ಲ. ಆ ಬೆಟ್ಟಗಳು ಪ್ರಾಂತ್ಯ ಬದಲಿಸಿದವು, ಸಾಮ್ರಾಜ್ಯ ಮುಳುಗಿತು, ದೇಶ ಸ್ವತಂತ್ರವಾಯಿತು. ಹಲ್ಲಿ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಪ್ರಪಂಚದ ಪಾಲಿಗೆ ಅದೆಂದರೆ ಸೀಸೆಯೊಳಗಿನ ಆ ಒಂದು ದೇಹ, ಅಷ್ಟೆ.

130 ವರ್ಷಕ್ಕೂ ಮಿಕ್ಕಿ ಕಳೆದ ಮೇಲೆ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಲ್ಲಿಗಳ ಬೆನ್ನು ಹತ್ತಿದ್ದ ಈಶಾನ್ ಅಗರ್ವಾಲ್ ಮತ್ತು ಸಂಗಡಿಗರು ಪೂರ್ವಘಟ್ಟ ಹೊಕ್ಕರು. ಸಿಕ್ಕಿತು! ಜೀವಂತವಾಗಿ! ಒಡಿಶಾದಲ್ಲಷ್ಟೇ ಅಲ್ಲ, ಆಂಧ್ರದ ಬೆಟ್ಟಗಳಲ್ಲೂ. 2012ರಲ್ಲಿ ಅವರ ಬರಹ ಪ್ರಕಟವಾಯಿತು.

ಇದರ ಬೆನ್ನನ್ನು ನೋಡಬೇಕು. ಚಪ್ಪಡಿ ಹಾಸಿದ ಅಂಗಳದ ಹಾಗೆ ಸಾಲುಸಾಲಾಗಿ ದೊಡ್ಡ ಚಚ್ಚೌಕ ಹುರುಪೆಗಳು, ಮೇಲೆ ಕಂದು ಮಚ್ಚೆಗಳು. ಒಣಗಿದ ಎಲೆಯ ಮೇಲೆ ಕೂತರೆ ಎಲೆ ಯಾವುದು, ಹಲ್ಲಿ ಯಾವುದು? ಕಣ್ಣಿಗೆ ರೆಪ್ಪೆಯಿಲ್ಲ. ಧೂಳು ಬಿದ್ದರೆ ನಾಲಿಗೆ ಚಾಚಿ ತನ್ನ ಕಣ್ಣನ್ನು ತಾನೇ ನೆಕ್ಕಿಕೊಳ್ಳುತ್ತದೆ! ಹಲ್ಲಿ ಮೈಮೇಲೆ ಎಲ್ಲಿ ಬಿದ್ದರೆ ಏನು ಫಲ ಎಂದು ಪಂಚಾಂಗದಲ್ಲಿ ಹುಡುಕುವ ನಮಗೆ ಈ ಬೆಡಗು ಕಾಣದೇ ಹೋಯಿತಲ್ಲ.

ಇನ್ನೂ ಒಂದು ಗುಟ್ಟು. ಇದರ ದಾಯಾದಿಯೊಂದು ಕೊಳ್ಳೇಗಾಲದ ಹೆಸರು ಹೊತ್ತು ನಮ್ಮಲ್ಲೇ ಇದೆ. ಬಿಳಿಗಿರಿರಂಗನ ಬೆಟ್ಟದ ಸೀಮೆಯ ಆ ನೆಲಹಲ್ಲಿಯನ್ನು 1870ರಲ್ಲಿ ಬಣ್ಣಿಸಿದವರೂ ಇದೇ ಬೆಡ್ಡೋಮ್. ಆಗ ಕೊಳ್ಳೇಗಾಲ ಇದ್ದದ್ದು ಮೈಸೂರಿನಲ್ಲಲ್ಲ, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿ.

ಜೇಪುರದ ಹಲ್ಲಿಯ ತವರಾದ ಒಡಿಶಾದ ಕೊರಾಪುಟ್ ಸೀಮೆಯ ಬೆಟ್ಟಗಳ ನೆತ್ತಿಯಲ್ಲಿ ಬಾಕ್ಸೈಟ್ ಅದಿರಿದೆ, ಗಣಿಯ ಕಣ್ಣು ಅಲ್ಲಿಗೂ ಬಿದ್ದಿದೆ. ಅದು ದೊಡ್ಡವರ ಲೆಕ್ಕಾಚಾರ. ನಮ್ಮ ಕೈಲಾಗುವುದು ಇಷ್ಟು: ಬೆಟ್ಟ ಹತ್ತಿದಾಗ ಕಾಲಿಗೆ ಸಿಕ್ಕ ಕಲ್ಲನ್ನು ಮಗುಚಬೇಡಿ. ಮಗುಚಿದ್ದೇ ಆದರೆ, ಇದ್ದ ಹಾಗೆಯೇ ಮೆಲ್ಲಗೆ ಇಟ್ಟುಬಿಡಿ.