ಲೆನ್ಸ್ ಹಾಕುವ ಮುನ್ನ ಕೈ ನೋಡಿಕೊಳ್ಳಿ

ಮದುವೆ ಗೊತ್ತಾದ ಮನೆಗಳಲ್ಲಿ ಸೀರೆ, ಒಡವೆಗಳ ಪಟ್ಟಿಗೆ ಈಗ ಕಾಂಟ್ಯಾಕ್ಟ್ ಲೆನ್ಸ್ ಕೂಡ ಸೇರಿಕೊಂಡಿದೆ. ಫೋಟೊದಲ್ಲಿ ಕನ್ನಡಕ ಕಾಣಬಾರದೆಂಬ ಆಸೆ. ಮಂಡ್ಯ, ಮದ್ದೂರಿನಲ್ಲಿ ರೈಲು ಹಿಡಿದು, ಮಳವಳ್ಳಿಯಲ್ಲಿ ಬಸ್ಸು ಹತ್ತಿ ಬೆಂಗಳೂರು, ಮೈಸೂರಿಗೆ ಹೋಗಿಬರುವ ಯುವಕ ಯುವತಿಯರೂ ಲೆನ್ಸ್ ಬಯಸುತ್ತಾರೆ. ಆಸೆ ತಪ್ಪಲ್ಲ. ಆದರೆ ಮುಹೂರ್ತಕ್ಕೆ ಎರಡು ದಿನವಿರುವಾಗ ಲೆನ್ಸ್ ತಂದು, ಯಾರೂ ಹೇಳಿಕೊಡದೆ ಕಣ್ಣಿಗೆ ಒತ್ತಿಕೊಳ್ಳುವುದು ಅಪಾಯಕರ.

ಲೆನ್ಸ್ ಕೂರುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದ ಮೇಲೆ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ರಾಜ್‌ಕುಮಾರ್ ನಿಧನರಾದಾಗ ನೇತ್ರದಾನದಿಂದ ಬೇರೆಯವರಿಗೆ ದೊರೆತದ್ದು ಇದೇ ಕಾರ್ನಿಯಾ. ಪುನೀತರ ಎರಡು ಕಾರ್ನಿಯಾಗಳ ಪದರಗಳನ್ನು ಬಿಡಿಸಿ ನಾಲ್ವರಿಗೆ ಜೋಡಿಸಲಾಯಿತು. ಇದರಲ್ಲಿ ರಕ್ತನಾಳಗಳಿಲ್ಲ, ಬೇಕಾದ ಆಮ್ಲಜನಕವನ್ನು ಬಹುಪಾಲು ಕಣ್ಣೀರಿನ ಮೂಲಕ ಗಾಳಿಯಿಂದ ಪಡೆಯುತ್ತದೆ. ಸಣ್ಣ ಗೀರು ಬಿದ್ದಲ್ಲಿ ಸೋಂಕು ತಗುಲಿದರೆ ಹುಣ್ಣಾಗಿ, ವಾಸಿಯಾದ ಮೇಲೂ ಬಿಳಿಯ ಕಲೆ ಉಳಿಯಬಹುದು. ಕಲೆ ನಡುವೆಯಿದ್ದರೆ ದೃಷ್ಟಿಯೇ ಮಂಜಾಗುತ್ತದೆ.

ಹಾಕುವ ಕ್ರಮ

ನೇತ್ರ ತಜ್ಞರಲ್ಲಿ ಕಣ್ಣು ಪರೀಕ್ಷಿಸಿ, ಅಳತೆ ಕೊಡಿಸಿ, ಅವರ ಎದುರೇ ಹಾಕಿ ತೆಗೆಯುವುದನ್ನು ಕಲಿಯಬೇಕು. ಮದುವೆಗಾದರೆ ಒಂದು ತಿಂಗಳಾದರೂ ಮೊದಲು ಆರಂಭಿಸಿ. ಮನೆಯಲ್ಲಿ ಅಭ್ಯಾಸ ಮಾಡುವಾಗ ಈ ಕ್ರಮ ಅನುಸರಿಸಿ.

ಉಗುರು ಕತ್ತರಿಸಿರಲಿ. ಕೈಗಳನ್ನು ಸೋಪಿನಿಂದ ತೊಳೆದು, ನೂಲು ಬಿಡದ ಶುಭ್ರ ಬಟ್ಟೆಯಲ್ಲಿ ಪೂರ್ತಿ ಒರೆಸಿಕೊಳ್ಳಿ. ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ, ಕನ್ನಡಿ ಇಟ್ಟುಕೊಂಡು ಕುಳಿತುಕೊಳ್ಳಿ. ಯಾವಾಗಲೂ ಬಲಗಣ್ಣಿನಿಂದಲೇ ಆರಂಭಿಸಿದರೆ ಎಡ ಬಲ ಅದಲುಬದಲಾಗುವುದಿಲ್ಲ.

ಲೆನ್ಸನ್ನು ಅದರ ದ್ರಾವಣದಲ್ಲಿ ತೊಳೆದು ತೋರುಬೆರಳಿನ ತುದಿಯಲ್ಲಿಟ್ಟು ಪಕ್ಕದಿಂದ ನೋಡಿ. ಬಟ್ಟಲಿನಂತೆ ಅಂಚು ಮೇಲಕ್ಕೆದ್ದಿದ್ದರೆ ಸರಿ. ತಟ್ಟೆಯಂತೆ ಅಂಚು ಹೊರಕ್ಕೆ ಬಾಗಿದ್ದರೆ ತಿರುಗುಮುರುಗಾಗಿದೆ. ಹರಿದಿದ್ದರೆ ಹಾಕಲೇಬೇಡಿ.

ಅದೇ ಕೈಯ ನಡುಬೆರಳಿನಿಂದ ಕೆಳರೆಪ್ಪೆಯನ್ನು ಕೆಳಗೆಳೆಯಿರಿ. ಇನ್ನೊಂದು ಕೈಯಿಂದ ಮೇಲ್ರೆಪ್ಪೆಯನ್ನು ಕೂದಲಿನ ಬುಡದಲ್ಲೇ ಹಿಡಿದೆತ್ತಿ. ಆಗ ಕಣ್ಣು ಮಿಟುಕುವುದು ತಪ್ಪುತ್ತದೆ. ನೇರವಾಗಿ ಕನ್ನಡಿ ನೋಡುತ್ತಾ ಲೆನ್ಸನ್ನು ಮೆಲ್ಲಗೆ ತಾಗಿಸಿ. ಕೆಳಗೆ ನೋಡಿ, ರೆಪ್ಪೆಗಳನ್ನು ನಿಧಾನವಾಗಿ ಬಿಟ್ಟು, ಕ್ಷಣಕಾಲ ಕಣ್ಣು ಮುಚ್ಚಿ ತೆರೆಯಿರಿ. ಚುಚ್ಚಿದರೆ ಉಜ್ಜದೆ, ತೆಗೆದು ತೊಳೆದು ಮತ್ತೆ ಹಾಕಿ. ಆಗಲೂ ಚುಚ್ಚಿದರೆ ಅಂದಿಗೆ ನಿಲ್ಲಿಸಿ.

ಲೆನ್ಸ್ ಕಣ್ಣುಗುಡ್ಡೆಯ ಹಿಂದಕ್ಕೆ ಹೋಗಿಬಿಡುವುದೆಂಬ ಭಯ ಬೇಡ. ರೆಪ್ಪೆಯ ಒಳಪೊರೆ ಮಡಿಚಿ ಕಣ್ಣುಗುಡ್ಡೆಗೇ ಅಂಟಿಕೊಂಡಿರುವುದರಿಂದ ಹಿಂದೆ ದಾರಿಯಿಲ್ಲ.

ಮೆದು ಲೆನ್ಸ್ ತೆಗೆಯುವಾಗಲೂ ಕೈ ತೊಳೆದು ಒರೆಸಿ, ಮೇಲಕ್ಕೆ ನೋಡುತ್ತಾ ಅದನ್ನು ಬಿಳಿಗುಡ್ಡೆಯತ್ತ ಕೆಳಗೆ ಸರಿಸಿ, ಉಗುರು ತಾಗದಂತೆ ಬೆರಳ ಮೆತ್ತೆಯಿಂದ ಹಿಡಿಯಿರಿ. ಮೊದಲ ದಿನ ಕೆಲವೇ ಗಂಟೆ ಸಾಕು. ವೈದ್ಯರು ಹೇಳಿದಂತೆ ಹೆಚ್ಚಿಸುತ್ತಾ ಹೋಗಿ.

ನೀರು ಬೇಡ

ನೋಡಲು ತಿಳಿಯಾಗಿರುವ ನೀರಿನಲ್ಲೂ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಅದು ಕಾರ್ನಿಯಾ ಸೇರಿದರೆ ತೀವ್ರ ನೋವು ಕೊಡುತ್ತದೆ, ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಲೆನ್ಸ್ ಧರಿಸುವವರಲ್ಲಿ ಈ ರೋಗ ಹೆಚ್ಚಾದಾಗ, ಮನೆಯಲ್ಲೇ ಉಪ್ಪಿನ ಮಾತ್ರೆ ಕರಗಿಸಿ ಮಾಡಿದ ನೀರಿನ ಬಳಕೆಗೂ ಇದಕ್ಕೂ ಸಂಬಂಧ ಕಂಡುಬಂತು. ಆದ್ದರಿಂದ ನಲ್ಲಿ ನೀರು, ಕೊಳವೆಬಾವಿ ನೀರು, ಕುಡಿಯುವ ಬಾಟಲಿ ನೀರು, ಉಪ್ಪುನೀರು, ಎಂಜಲು ಯಾವುದೂ ಲೆನ್ಸ್‌ಗೆ ತಾಗಬಾರದು. ಸ್ನಾನಕ್ಕೆ, ವಿ.ಸಿ. ನಾಲೆಯ ಅಥವಾ ಶಿಂಷಾ ಹೊಳೆಯ ನೀರಿಗೆ ಇಳಿಯುವ ಮುನ್ನ ತೆಗೆದಿಡಿ.

ಡಬ್ಬಿಯ ಹಳೆಯ ದ್ರಾವಣವನ್ನು ಪ್ರತಿದಿನ ಚೆಲ್ಲಿ. ಉಳಿದುದಕ್ಕೆ ಹೊಸದನ್ನು ಬೆರೆಸಬೇಡಿ. ಡಬ್ಬಿಯನ್ನೂ ದ್ರಾವಣದಲ್ಲೇ ತೊಳೆದು ಬೋರಲಾಗಿಟ್ಟು ಒಣಗಿಸಿ, ಮೂರು ತಿಂಗಳಿಗೊಮ್ಮೆ ಬದಲಿಸಿ. ದಿನಕ್ಕೊಂದರಂತೆ ಬಳಸಿ ಬಿಸಾಡುವ ಲೆನ್ಸಾದರೆ ಮರುದಿನ ಹಾಕಲೇಬಾರದು.

ನಿದ್ದೆ, ಹೊಗೆ, ಕಾಡಿಗೆ

ಕಣ್ಣು ಮುಚ್ಚಿದಾಗ ಕಾರ್ನಿಯಾಕ್ಕೆ ಗಾಳಿ ಕಡಿಮೆ; ಲೆನ್ಸ್ ಇದ್ದರೆ ಇನ್ನೂ ಕಡಿಮೆ. ಲೆನ್ಸ್ ಹಾಕಿಕೊಂಡೇ ಮಲಗುವವರಲ್ಲಿ ಸೋಂಕಿನ ಅಪಾಯ ಹಲವು ಪಟ್ಟು ಹೆಚ್ಚು. ಸಂಜೆಯ ರೈಲಿನಲ್ಲಿ ತೂಕಡಿಸುವ ಅಭ್ಯಾಸವಿದ್ದವರು ಹತ್ತುವ ಮುನ್ನವೇ ಕೈ ತೊಳೆದು ಲೆನ್ಸ್ ತೆಗೆದು ಕನ್ನಡಕ ಹಾಕಿಕೊಳ್ಳುವುದು ಮೇಲು.

ಆಲೆಮನೆಯ ಹೊಗೆ, ಭತ್ತ ತೂರುವ ಕಣ, ಕಬ್ಬು ಕಡಿಯುವ ಗದ್ದೆ ಲೆನ್ಸ್‌ಗೆ ತಕ್ಕ ಜಾಗಗಳಲ್ಲ. ಕಬ್ಬಿನ ಗರಿ, ಭತ್ತದ ಮುಳ್ಳು ತಾಗಿದ ಕಣ್ಣಿಗೆ ಶಿಲೀಂಧ್ರದ ಸೋಂಕು ತಗುಲಬಹುದು. ಅಲ್ಲಿ ಕನ್ನಡಕವೇ ಕಣ್ಣಿಗೆ ಕಾವಲು. ಕಾಡಿಗೆ, ಪೌಡರುಗಳನ್ನು ಲೆನ್ಸ್ ಹಾಕಿದ ಮೇಲೆ ಹಚ್ಚಿ. ಲೆನ್ಸ್ ತೆಗೆದ ಮೇಲೆ ಅಳಿಸಿ. ಬಣ್ಣದ ಲೆನ್ಸನ್ನು ಅಕ್ಕ ತಂಗಿಯರೂ ಹಂಚಿಕೊಳ್ಳಬಾರದು.

ಕಣ್ಣು ಕೆಂಪಾದರೆ

ಕೆಂಪು, ನೋವು, ಪಿಸುರು, ಬೆಳಕು ನೋಡಲಾಗದಿರುವುದು, ಮಂಜು ಇವುಗಳಲ್ಲಿ ಒಂದು ಕಂಡರೂ ಲೆನ್ಸ್ ತೆಗೆಯಿರಿ, ಮತ್ತೆ ಹಾಕಬೇಡಿ. ಎದೆಹಾಲು, ಹರಳೆಣ್ಣೆ ಬಿಡುವುದಾಗಲಿ, ಔಷಧಿ ಅಂಗಡಿಯಲ್ಲಿ ಕೇಳಿ ತಂದ ಹನಿ ಹಾಕುವುದಾಗಲಿ ಬೇಡ. ಸ್ಟೀರಾಯ್ಡ್ ಇರುವ ಹನಿಯಿಂದ ಕೆಂಪು ಇಳಿದರೂ ಒಳಗೆ ಶಿಲೀಂಧ್ರ ಹಬ್ಬಬಹುದು. ಅಂದೇ ನೇತ್ರ ತಜ್ಞರನ್ನು ಕಾಣಿ. ಮಂಡ್ಯದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯೂ ಇದೆ. ಲೆನ್ಸ್ ಮತ್ತು ಡಬ್ಬಿಯನ್ನು ಜೊತೆಗೆ ಒಯ್ಯಿರಿ. ಯಾವ ಸೋಂಕೆಂದು ಪತ್ತೆ ಮಾಡಲು ನೆರವಾಗುತ್ತದೆ.

ಲೆನ್ಸ್ ಕೊಂಡರೂ ಕನ್ನಡಕವನ್ನು ಮೂಲೆಗೆ ಎಸೆಯಬೇಡಿ. ಕಣ್ಣು ಒಲ್ಲೆನೆಂದ ದಿನ ಅದೇ ಬೇಕು. ಮದುವೆಯ ಫೋಟೊ ಒಂದು ದಿನದ್ದು. ಅದನ್ನು ನೋಡಬೇಕಾದ ಕಣ್ಣು ಜೀವಮಾನದ್ದು.